ವಾಂಗಾನುಯಿ ನದಿಗೊಂದು ಬಹಿರಂಗ ಪತ್ರ

ವಾಂಗಾನುಯಿ,

2017ರ ಮಾರ್ಚ್‌ನಿಂದ ನ್ಯೂಜಿಲೆಂಡ್ ಕಾನೂನಿನ ಪ್ರಕಾರ ನೀನೊಬ್ಬ ವ್ಯಕ್ತಿ. ನಿನ್ನ ಹೆಸರಿನಲ್ಲಿ ದಾವೆ ಹೂಡಬಹುದು, ಆಸ್ತಿ ಇರಬಹುದು. ಆದ್ದರಿಂದ ಈ ಪತ್ರ ನಿನಗೇ.

ಉತ್ತರ ದ್ವೀಪದ ನಡುವಿನ ಟೊಂಗರಿರೊ ಜ್ವಾಲಾಮುಖಿಯ ಇಳಿಜಾರಿನಲ್ಲಿ ಹುಟ್ಟಿ, ವಾಯವ್ಯಕ್ಕೆ ಹರಿದು, ಟೌಮರುನುಯಿ ಬಳಿ ದಕ್ಷಿಣದತ್ತ ಹೊರಳಿ, ಸುಮಾರು 290 ಕಿ.ಮೀ. ದಾರಿ ಸವೆಸಿ ಟಾಸ್ಮನ್ ಸಮುದ್ರ ಸೇರುತ್ತೀಯೆ. ಪಿಹಂಗಾ ಎಂಬ ಚೆಲುವೆ ಬೆಟ್ಟಕ್ಕಾಗಿ ಟೊಂಗರಿರೊ ಜೊತೆ ಕಾದಾಡಿ ಸೋತ ಟಾರನಾಕಿ ಪರ್ವತ ಪಡುವಣ ಕಡಲಿನತ್ತ ಓಡುವಾಗ ಸೀಳಿದ ನೆಲವೇ ನಿನ್ನ ಪಾತ್ರವೆಂದು ಮೂಲನಿವಾಸಿ ಮಾವೊರಿಗಳು ಹೇಳುತ್ತಾರೆ. ಟೊಂಗರಿರೊದಿಂದ ಚಿಮ್ಮಿದ ನೀರು ಆ ಗಾಯವನ್ನು ಮಾಯಿಸಿತಂತೆ. ನೀನು ಅವರಿಗೆ ಪೂರ್ವಜೆ. ದಡದ ಜನ ಮರದ ಬೇಲಿ ಕಟ್ಟಿ ಹಾವುಮೀನು ಹಿಡಿದು ಬದುಕಿದವರು.

1890ರ ದಶಕದಲ್ಲಿ ಉಗಿದೋಣಿಗಳಿಗೆ ದಾರಿ ಮಾಡಲು ಆ ಬೇಲಿಗಳನ್ನು ಕಿತ್ತರು. ನಿನ್ನ ತಳದ ಜಲ್ಲಿಯನ್ನೂ ಹೊತ್ತೊಯ್ದರು. 1903ರ ಕಾನೂನೊಂದು ದೋಣಿ ಸಾಗುವ ನದಿಗಳ ತಳವೆಲ್ಲ ಸರ್ಕಾರದ್ದೆಂದಿತು. ಗಣಿ ಕಾನೂನಿನ ತಿದ್ದುಪಡಿಯೊಳಗೆ ತುರುಕಿದ ಕಲಮು ಅದು! ನಿನ್ನ ಜನ 1938ರಲ್ಲಿ ಕೋರ್ಟಿಗೆ ಹೋದರು. 1962ರವರೆಗೂ ನಡೆದ ಆ ಮೊಕದ್ದಮೆಯಲ್ಲಿ ನ್ಯಾಯಾಲಯಗಳು ವಿಚಾರಿಸಿದ್ದು ನದಿಯ ತಳ ಯಾರದ್ದೆಂಬುದನ್ನು ಮಾತ್ರ. ಅಣ್ಣತಮ್ಮಂದಿರು ಹೊಲ ಹಿಸೆ ಮಾಡಿಕೊಳ್ಳುವಂತೆ ತಳ, ನೀರು, ದಡಗಳನ್ನು ಬೇರೆ ಬೇರೆ ಮಾಡಲಾಯಿತು. ತೀರ್ಪು ಮಾವೊರಿಗಳ ವಿರುದ್ಧ ಬಂತು.

ನನ್ನ ನಿಜವಾದ ನೋವು ಮುಂದಿನದು. 1970ರ ದಶಕದ ಆರಂಭದಲ್ಲಿ ಟೊಂಗರಿರೊ ವಿದ್ಯುತ್ ಯೋಜನೆಗಾಗಿ ನಿನ್ನ ಮತ್ತು ನಿನ್ನ ಉಪನದಿ ವಕಪಾಪಾದ ಮೇಲ್ನೀರನ್ನು ಸುರಂಗಗಳಲ್ಲಿ ತಿರುಗಿಸಿದರು. ಅದು ಟೊಕಾನು ವಿದ್ಯುದಾಗಾರ ದಾಟಿ, ಟೌಪೊ ಸರೋವರಕ್ಕಿಳಿದು, ಕೊನೆಗೆ ವೈಕಾಟೊ ಎಂಬ ಮತ್ತೊಂದು ನದಿಯಾಗಿ ಹರಿಯುತ್ತದೆ. 2017ರ ಕಾನೂನು ನಿನ್ನನ್ನು ಬೆಟ್ಟದಿಂದ ಕಡಲಿನವರೆಗೆ ಒಡೆಯಲಾಗದ ಒಂದೇ ಜೀವವೆಂದು ಘೋಷಿಸಿತು. ಸರ್ಕಾರದ ವಶದಲ್ಲಿದ್ದ ತಳವನ್ನು ನಿನಗೆ ಮರಳಿಸಿತು, ನಿನ್ನ ಆರೋಗ್ಯಕ್ಕೆಂದು 3 ಕೋಟಿ ಡಾಲರ್ ನಿಧಿ ಇಟ್ಟಿತು. ನೀರು ತಿರುಗಿಸುವ ಹಳೆಯ ಅನುಮತಿಗಳನ್ನು ಮಾತ್ರ ಮುಟ್ಟಲಿಲ್ಲ. ನಿನ್ನ ಮೇಲ್ನೀರು ಇಂದಿಗೂ ಸುರಂಗದ ಪಾಲು.

2017ರ ಅದೇ ಮಾರ್ಚ್‌ನಲ್ಲಿ ನಮ್ಮ ಉತ್ತರಾಖಂಡ ಹೈಕೋರ್ಟ್ ಗಂಗೆ ಯಮುನೆಯರನ್ನೂ ವ್ಯಕ್ತಿಗಳೆಂದಿತು, ಅಧಿಕಾರಿಗಳನ್ನೇ ಪೋಷಕರನ್ನಾಗಿ ನೇಮಿಸಿತು. ಪ್ರವಾಹದ ಹಾನಿಗೆ ಹೊಣೆ ಯಾರೆಂದು ರಾಜ್ಯ ಸರ್ಕಾರ ಅಂಜಿತು; ಜುಲೈಯಲ್ಲಿ ಸುಪ್ರೀಂ ಕೋರ್ಟ್ ತಡೆಯಾಜ್ಞೆ ಕೊಟ್ಟಿತು. ನಿನಗಿರುವುದು ಇಬ್ಬರು ಪೋಷಕರು. ಒಬ್ಬರನ್ನು ಸರ್ಕಾರ, ಇನ್ನೊಬ್ಬರನ್ನು ನಿನ್ನ ಬುಡಕಟ್ಟುಗಳು ಆರಿಸುತ್ತವೆ. ನಿನ್ನ ಮಾತು ಆಡಬಲ್ಲವರು ಅವರೇ. ನೀರು ತಿರುಗಿಸುವ ಅನುಮತಿ ನವೀಕರಣಕ್ಕೆ ಬಂದ ದಿನ ಅವರು ನಿನ್ನ ಹೆಸರಿನಲ್ಲಿ ಎದ್ದು ನಿಂತು, ಟೊಂಗರಿರೊದ ನೀರನ್ನು ನಿನ್ನ ಪಾತ್ರಕ್ಕೇ ಬಿಡಿ ಎಂದು ಕೇಳಲಿ. ಕಾವೇರಿಯ ನೀರು ಕುಡಿದು ಬೆಳೆದ ನಾನು ಅದಕ್ಕೆ ದನಿಗೂಡಿಸುತ್ತೇನೆ.

ಇತಿ,
ಕಾವೇರಿ ತೀರದ ಒಬ್ಬ ಓದುಗ