ಆಹಾರ ಸುರಕ್ಷತೆಯ ನಿಯಮ ಬರೆಯುವವರಿಗೆ ಒಂದು ಬಹಿರಂಗ ಪತ್ರ



ನೀವು ಬರೆದ ನಿಯಮಗಳ ಮೇಲೆ ನನಗೆ ಗೌರವವಿದೆ. ಅದಕ್ಕೇ ಈ ಪತ್ರ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಾಗಲಿ, ಅದರಡಿ 2011ರಲ್ಲಿ ಬಂದ ಪರವಾನಗಿ ನಿಯಮಾವಳಿಯಾಗಲಿ, ಮಾಂಸದ ಬಗ್ಗೆ ಹೇಳಬೇಕಾದ್ದನ್ನು ಬಹುಪಾಲು ಹೇಳಿವೆ. ಆದರೆ ಆ ಮಾತು ಕತ್ತಿ ಹಿಡಿದವರಿಗೂ ತಲುಪಿಲ್ಲ, ಚೀಲ ಹಿಡಿದು ನಿಂತ ನಮಗೂ ತಲುಪಿಲ್ಲ.

ಭಾನುವಾರ ಬೆಳಗ್ಗೆ ಯಾವುದಾದರೂ ಬೀದಿಯ ಚಿಕನ್ ಅಂಗಡಿ ಮುಂದೆ ನಿಂತು ನೋಡಿ. ಗೋಡೆಯ ಮೇಲೆ 14 ಅಂಕಿಗಳ ಸಂಖ್ಯೆಯಿರುವ ನೋಂದಣಿ ಪತ್ರ ಇರುತ್ತದೆ. ಅದರ ಕೆಳಗೆ ಒಂದೇ ಕೊರಡು, ಒಂದೇ ಕತ್ತಿ, ಒಂದೇ ಬಟ್ಟೆ, ಒಂದು ಬಕೆಟ್ ನೀರು. ಕರುಳು ತೆಗೆದ ಕೈಯೇ ತುಂಡು ಮಾಡುತ್ತದೆ, ಅದೇ ಕೈ ಚಿಲ್ಲರೆಯನ್ನೂ ಎಣಿಸಿ ಕೊಡುತ್ತದೆ. ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್ ಎಂಬ ರೋಗಾಣುಗಳು ಮನೆಮಾಡಿಕೊಂಡಿರುವುದು ಕೋಳಿಯ ಕರುಳಿನಲ್ಲೇ. ಅವು ಹೀಗೆ ಕರುಳಿನಿಂದ ಮಾಂಸಕ್ಕೆ ದಾಟುವುದನ್ನು ನಿಮ್ಮ ಕಡತ ಕ್ರಾಸ್ ಕಂಟಾಮಿನೇಷನ್ ಎನ್ನುತ್ತದೆ. ಅಂಗಡಿಯ ಹುಡುಗನಿಗೆ ಬೇಕಾದದ್ದು ಇಷ್ಟು: ಕರುಳು ತೆಗೆಯುವ ಜಾಗ ಬೇರೆ, ತುಂಡು ಮಾಡುವ ಜಾಗ ಬೇರೆ, ನಡುವೆ ಸೋಪು ಹಚ್ಚಿ ಕೈ ತೊಳೆಯಬೇಕು. ಇದನ್ನು ಅವನಿಗೆ ಯಾರು ಹೇಳಿದ್ದಾರೆ?

ಕುರಿಯ ವಿಷಯಕ್ಕೆ ಬನ್ನಿ. ನಿಯಮದಲ್ಲಿ ಎರಡು ಪರೀಕ್ಷೆಗಳಿವೆ. ಆಂಟಿಮಾರ್ಟಮ್ ಎಂದರೆ ಕೊಯ್ಯುವ ಮುಂಚೆ ಪಶುವೈದ್ಯರು ಪ್ರಾಣಿಯ ನಡಿಗೆ, ಉಸಿರು, ಜ್ವರ ನೋಡುವುದು. ಪೋಸ್ಟ್‌ಮಾರ್ಟಮ್ ಎಂದರೆ ಕೊಯ್ದ ಮೇಲೆ ಲಿವರ್, ಶ್ವಾಸಕೋಶ, ಗ್ರಂಥಿಗಳನ್ನು ಸೀಳಿ ನೋಡುವುದು. ಒಬ್ಬ ವೈದ್ಯರು ಗಂಟೆಗೆ 12, ದಿನಕ್ಕೆ 96 ಪ್ರಾಣಿಗಳಿಗಿಂತ ಹೆಚ್ಚು ಪರೀಕ್ಷಿಸಬಾರದೆಂದು 2001ರ ಕಸಾಯಿಖಾನೆ ನಿಯಮಗಳೇ ಹೇಳಿವೆ. ಅವಸರದಲ್ಲಿ ನೋಡಿದರೆ ರೋಗ ಕಣ್ತಪ್ಪುತ್ತದೆ ಎಂಬ ಕಾಳಜಿಯಿಂದಲೇ ಈ ಮಿತಿ. ಲಿವರ್‌ನಲ್ಲಿ ನೀರು ತುಂಬಿದ ಗುಳ್ಳೆಯಂಥ ಹೈಡಾಟಿಡ್ ಚೀಲ ಕಂಡರೆ ಆ ಭಾಗವನ್ನು ನಾಶ ಮಾಡಬೇಕು. ಬದಲಿಗೆ ಅಂಗಡಿ ಮುಂದೆ ಕಾದು ಕೂತ ನಾಯಿಗೆ ಎಸೆದರೆ ಆ ಚೀಲದೊಳಗಿನ ಜಂತು ನಾಯಿಯ ಹೊಟ್ಟೆಯಲ್ಲಿ ಬೆಳೆಯುತ್ತದೆ. ಜಂತಿನ ಮೊಟ್ಟೆಗಳು ನಾಯಿಯ ಮಲದ ಮೂಲಕ ಹೊರಬಂದು ಹುಲ್ಲು, ನೀರು, ತರಕಾರಿ ಸೇರಿ ಮತ್ತೆ ಕುರಿಗೂ ಬರುತ್ತವೆ, ಮನುಷ್ಯರಿಗೂ ಬರುತ್ತವೆ. ನಾಯಿಗೆ ಒಂದು ತುಂಡು ಹಾಕಿದರೆ ಪುಣ್ಯ ಎಂದುಕೊಂಡವರಿಗೆ ಈ ಸುತ್ತು ಗೊತ್ತಿದ್ದರೆ ಖಂಡಿತ ಹಾಗೆ ಎಸೆಯುತ್ತಿರಲಿಲ್ಲ.

ಇನ್ನು ಕೋಲ್ಡ್ ಚೈನ್, ಅಂದರೆ ಮಾಂಸವನ್ನು ಉದ್ದಕ್ಕೂ ತಣ್ಣಗೆ ಇಡುವುದು. 4 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ. ಆದ್ದರಿಂದ ಮಾಂಸ ತಣ್ಣಗಿರಬೇಕು. ಇಲ್ಲಿ ತಪ್ಪು ಅಂಗಡಿಯವರದಷ್ಟೇ ಅಲ್ಲ. ಮುಟ್ಟಿದರೆ ಬೆಚ್ಚಗಿದ್ದರೇ ತಾಜಾ ಎಂದು ನಂಬಿದವರು ನಾವು. ಫ್ರಿಜ್‌ನಿಂದ ತೆಗೆದರೆ 'ನಿನ್ನೆಯದಾ?' ಎಂದು ಪಕ್ಕದ ಅಂಗಡಿಗೆ ಹೋಗುತ್ತೇವೆ. ಹೀಗಾಗಿ ಬೆಳಗ್ಗೆ ಆರಕ್ಕೆ ಕೊಕ್ಕೆಗೆ ತೂಗಿಹಾಕಿದ ತೊಡೆ ಮಧ್ಯಾಹ್ನದ ಬಿಸಿಲಿನಲ್ಲೂ ಅಲ್ಲೇ ಇರುತ್ತದೆ. ಗಿರಾಕಿಯ ನಂಬಿಕೆ ಬದಲಾಗದೆ ಯಾವ ಅಂಗಡಿಯವರೂ ಫ್ರಿಜ್‌ಗೆ ದುಡ್ಡು ಸುರಿಯುವುದಿಲ್ಲ. ಮನೆಗೆ ತಂದ ಮೇಲೂ ಅಷ್ಟೇ: ಹಸಿ ಕೋಳಿಯನ್ನು ನಲ್ಲಿ ಕೆಳಗೆ ತೊಳೆದರೆ ಸಿಡಿಯುವ ಹನಿಗಳಲ್ಲಿ ರೋಗಾಣುಗಳು ಅಡುಗೆಕಟ್ಟೆ ತುಂಬ ಹರಡುತ್ತವೆ, ಚೆನ್ನಾಗಿ ಬೇಯಿಸಿದರೆ ಮಾತ್ರ ಸಾಯುತ್ತವೆ ಎಂಬುದನ್ನೂ ನಮಗೆ ಯಾರಾದರೂ ಹೇಳಬೇಕಲ್ಲವೇ?

ಆದ್ದರಿಂದ ಮೂರು ವಿನಂತಿ. ನೋಂದಣಿ ಪತ್ರದ ಪಕ್ಕದಲ್ಲಿ ಕನ್ನಡ, ಉರ್ದು ಎರಡರಲ್ಲೂ ಚಿತ್ರಸಹಿತ ಒಂದು ಹಾಳೆ ಕಡ್ಡಾಯ ಮಾಡಿ. ವ್ಯಾಪಾರ ಕಮ್ಮಿಯಿರುವ ಸೋಮವಾರವೋ ಶನಿವಾರವೋ ಅಂಗಡಿಗೇ ಬಂದು, ಅದೇ ಕೊರಡಿನ ಮುಂದೆ ನಿಂತು ಕಲಿಸಿ; ದಂಡದ ರಸೀದಿ ಆಮೇಲೆ ಬರಲಿ. ಪ್ರತಿ ಕಸಾಯಿಖಾನೆಗೂ ಸಾಕಷ್ಟು ಪಶುವೈದ್ಯರನ್ನು ಕೊಡಿ. ವೈದ್ಯರೇ ಇಲ್ಲದಿದ್ದರೆ 96ರ ಮಿತಿ ಯಾರಿಗೆ?

ಮಾಂಸ ತಿನ್ನುವ ಬಡವರ ಮನೆ ಮಗುವಿಗೂ ನಿಮ್ಮ ನಿಯಮದ ರಕ್ಷಣೆ ಸಿಗಬೇಕು. ಅದನ್ನು ದೊರಕಿಸುವ ಅಧಿಕಾರ ನಿಮ್ಮ ಕೈಯಲ್ಲಿದೆ.

ಇಂತಿ,
ಮಾಂಸದಂಗಡಿಯ ಒಬ್ಬ ಗಿರಾಕಿ