ತಂತಿಯ ಕೆಳಗಿನ ಭೀಮ

ಡೀಸೆಲ್ ಎಂಜಿನ್ನಿಗೆ ಬಲ ಬರಿಸುವ ವಿಷಯದಲ್ಲಿ ನಮ್ಮ ರೈಲ್ವೆಗೆ ಎಂದೂ ಅವಸರವಿರಲಿಲ್ಲ. ಅಮೆರಿಕದ ಆಲ್ಕೋ ಕಂಪನಿಯ ವಿನ್ಯಾಸ ತಂದು, 1964ರಲ್ಲಿ ವಾರಾಣಸಿಯ ಕಾರ್ಖಾನೆಯಿಂದ 2600 ಅಶ್ವಶಕ್ತಿಯ ಎಂಜಿನ್ ಹೊರಡಿಸಿದೆವು. 1969ರಲ್ಲಿ ಆಲ್ಕೋ ರೈಲು ಎಂಜಿನ್ ಕಟ್ಟುವುದನ್ನೇ ಬಿಟ್ಟಿತು. ಗುರುಗಳು ಮಠಕ್ಕೆ ಬೀಗ ಹಾಕಿ ಹೋದರೂ ಶಿಷ್ಯರು ಮಾತ್ರ 1990ರ ದಶಕದವರೆಗೂ ಅದೇ ಪಾಠ ಒಪ್ಪಿಸುತ್ತಿದ್ದರು.

ಆಮೇಲೆ ಜನರಲ್ ಮೋಟಾರ್ಸ್ ಜತೆ ಒಪ್ಪಂದವಾಯಿತು. 1999ರಲ್ಲಿ ಬಂದ 4000 ಅಶ್ವಶಕ್ತಿಯ ಡಬ್ಲ್ಯುಡಿಜಿ-4 ಎಂಜಿನ್‌ಗಳಿಗೆ ಹುಬ್ಬಳ್ಳಿಯ ಷೆಡ್ಡೇ ತವರಾಯಿತು. ಅದಕ್ಕೆ ಕಾರಣವಿತ್ತು. ಹೊಸಪೇಟೆ, ಬಳ್ಳಾರಿಯ ಅದಿರು ಗೋವಾಕ್ಕೆ ಇಳಿಯಬೇಕು, ಮುರ್ಮುಗಾವಿನ ಕಲ್ಲಿದ್ದಲು ತೋರಣಗಲ್ಲಿಗೆ ಏರಬೇಕು. ನಡುವೆ ಕ್ಯಾಸಲ್‌ರಾಕ್ ಘಾಟ್, 37 ಅಡಿಗೆ ಒಂದು ಅಡಿ ಏರು. ಹಿಂದೆ ಬ್ಯಾಂಕರ್ ಎಂಜಿನ್‌ಗಳು ನೂಕದಿದ್ದರೆ ಗೂಡ್ಸು ಮಿಸುಕದು. ಮಳೆಗಾಲದ ಒದ್ದೆ ಹಳಿಯ ಮೇಲೆ ಚಕ್ರ ಜಾರುವುದನ್ನು ಡ್ರೈವರ್ ಎಣಿಸುವ ಮೊದಲೇ ಹಿಡಿಯುವ ಕಂಪ್ಯೂಟರ್ ಈ ಎಂಜಿನ್‌ನೊಳಗಿತ್ತು. ಇದು ನಿಜವಾದ ಪ್ರಗತಿ, ಇದರಲ್ಲಿ ವ್ಯಂಗ್ಯ ಹುಡುಕಿದರೂ ಸಿಗದು.

ವ್ಯಂಗ್ಯಕ್ಕೆ ಬಿಹಾರಕ್ಕೇ ಹೋಗಬೇಕು. ಅದಕ್ಕೆ ಮುಂಚೆ 2012ರಲ್ಲಿ 5500 ಅಶ್ವಶಕ್ತಿಯ ‘ಭೀಮ’ ಬಂದ, ಬೆರಳೆಣಿಕೆಯಷ್ಟು ಅವತಾರ ತಾಳಿ ಸುಮ್ಮನಾದ. ಅಷ್ಟಕ್ಕೆ ಹಟ ಬಿಡಲಾದೀತೇ? 2015ರ ನವೆಂಬರಿನಲ್ಲಿ ಅಮೆರಿಕದ ಜಿಇ ಕಂಪನಿಗೆ ಸಾವಿರ ಡೀಸೆಲ್ ಎಂಜಿನ್‌ಗಳ ಗುತ್ತಿಗೆ: 4500 ಅಶ್ವಶಕ್ತಿಯವು 700, 6000ದವು 300, ಕಾರ್ಖಾನೆ ಮಢೌರಾದಲ್ಲಿ. ಅದೇ ತಿಂಗಳು ಫ್ರಾನ್ಸಿನ ಆಲ್‌ಸ್ಟಾಮ್‌ಗೆ 12,000 ಅಶ್ವಶಕ್ತಿಯ 800 ವಿದ್ಯುತ್ ಎಂಜಿನ್‌ಗಳ ಗುತ್ತಿಗೆ, ಕಾರ್ಖಾನೆ ಮಧೇಪುರದಲ್ಲಿ. ಎರಡೂ ಊರು ಬಿಹಾರದವು, ಹೆಸರೂ ಹೆಚ್ಚುಕಡಿಮೆ ಒಂದೇ. ಎರಡು ಕಡತಗಳೂ ಒಂದೇ ಎಂದು ತಿಳಿದು ಸಾಹೇಬರು ಎರಡಕ್ಕೂ ಸಹಿ ಹಾಕಿರಬಹುದೆಂಬ ಗುಮಾನಿ ನನಗೆ ಇನ್ನೂ ಹೋಗಿಲ್ಲ.

ಮೂರು ವರ್ಷ ಕಳೆಯುವುದರೊಳಗೆ, 2018ರ ಸೆಪ್ಟೆಂಬರಿನಲ್ಲಿ, ಬ್ರಾಡ್‌ಗೇಜ್ ಪೂರ್ತಿ ವಿದ್ಯುದೀಕರಣಕ್ಕೆ ಸಂಪುಟದ ಒಪ್ಪಿಗೆ, ಗಡುವು 2021-22. ವಿದ್ಯುತ್ತು ಬೇಡವೆನ್ನುವಷ್ಟು ಹುಂಬ ನಾನಲ್ಲ. ಎಣ್ಣೆ ಹೊರದೇಶದ್ದು, ದುಬಾರಿ, ಹೊಗೆ ಬೇರೆ. ಆದರೆ ಮಢೌರಾದ ಕರಾರುಪತ್ರಕ್ಕೆ ಈ ಜ್ಞಾನೋದಯ ತಿಳಿಯದು. ಮೇಲೆ ತಂತಿ ಎಳೆಯುತ್ತಿದ್ದಂತೆಯೇ ಕೆಳಗೆ ಹೊಚ್ಚಹೊಸ ಡೀಸೆಲ್ ಎಂಜಿನ್‌ಗಳು ಸಾಲುಗಟ್ಟಿ ಬಂದವು.

2019ರ ಫೆಬ್ರವರಿಯಲ್ಲಿ ವಾರಾಣಸಿಯಲ್ಲಿ ಇನ್ನೊಂದು ಸಂಭ್ರಮ. ಎರಡು ಡೀಸೆಲ್ ಎಂಜಿನ್‌ಗಳ ಹೊಟ್ಟೆ ಬಗೆದು, 10,000 ಅಶ್ವಶಕ್ತಿಯ ಒಂದು ವಿದ್ಯುತ್ ಜೋಡಿ ಮಾಡಿ, ಪ್ರಧಾನಿಯವರಿಂದ ಹಸಿರು ನಿಶಾನೆ ತೋರಿಸಿದರು. ಉತ್ತರ ಪ್ರದೇಶದಲ್ಲಿ ಡೀಸೆಲ್ ಕಳಚುವ ಕೆಲಸ, ಪಕ್ಕದ ಬಿಹಾರದಲ್ಲಿ ಡೀಸೆಲ್ ಜೋಡಿಸುವ ಕೆಲಸ; ಉದ್ಯೋಗ ಸೃಷ್ಟಿ ಎಂದರೆ ಇದೇ ಇರಬೇಕು. ಮರುವರ್ಷ ವಾರಾಣಸಿಯ ಡೀಸೆಲ್ ಲೋಕೋಮೋಟಿವ್ ವರ್ಕ್ಸ್, ಬನಾರಸ್ ಲೋಕೋಮೋಟಿವ್ ವರ್ಕ್ಸ್ ಆಯಿತು. ಈ ದೇಶದಲ್ಲಿ ಯಾವ ಇಂಧನವೂ ಇಲ್ಲದೆ ಸಾಗುವುದು ನಾಮಕರಣವೊಂದೇ. ಆದರೆ ಬೆಂಗಳೂರಿನ ಕೃಷ್ಣರಾಜಪುರಕ್ಕೆ ಆ ಭಾಗ್ಯವಿಲ್ಲ: ಅಲ್ಲಿನ ಡೀಸೆಲ್ ಷೆಡ್ಡಿನೊಳಗೆ ವಿದ್ಯುತ್ ಎಂಜಿನ್‌ಗಳು ಹಾಯಾಗಿ ನಿಂತಿವೆ.

ಈಗ ಮಢೌರಾಕ್ಕೂ ಒಳ್ಳೆಯ ಸಂಬಂಧ ಕೂಡಿಬಂದಿದೆ. 2025ರ ಜೂನಿನಲ್ಲಿ ಅಲ್ಲಿಂದ ಪಶ್ಚಿಮ ಆಫ್ರಿಕಾದ ಗಿನಿಗೆ, ಸಿಮಾಂಡು ಗಣಿಯ ಅದಿರು ಎಳೆಯಲು, ಎಂಜಿನ್ ಹೊರಟಿತು. ಇಲ್ಲೇ ಉಳಿದವನ್ನು ಏನು ಮಾಡುತ್ತೀರಿ ಎಂದು ಕೇಳಿದರೆ, ವಿಪತ್ತು ನಿರ್ವಹಣೆಗೆ ಒಂದಷ್ಟು ಬೇಕು ಎನ್ನುತ್ತಾರೆ. ಬೇಕೇ ಬೇಕು. ಗಾಳಿಮಳೆಗೆ ಮರ ಬಿದ್ದು ತಂತಿ ಹರಿದ ರಾತ್ರಿ, ಕಾಡಿನ ನಡುವೆ ನಿಂತ ರೈಲನ್ನು ಎಳೆದು ತರುವುದು ಡೀಸೆಲ್ ಎಂಜಿನ್ನೇ. ಮರುದಿನದ ಪತ್ರಿಕಾ ಪ್ರಕಟಣೆಯಲ್ಲಿ ಅದರ ಹೆಸರು ‘ಬದಲಿ ವ್ಯವಸ್ಥೆ’ ಎಂದಿರುತ್ತದೆ.