ತೊಳೆಯದ ಅಕ್ಕಿಯ ಪ್ರಸಂಗ

ಮಿಲಾನಿಗೆ ಬಂದ ಮೇಲೆ ನಮ್ಮ ಮಕ್ಕಳಿಬ್ಬರಿಗೂ ರಿಸೊಟ್ಟೊ ಎಂಬ ಅಲ್ಲಿನ ಅನ್ನದ ಹುಚ್ಚು. ಮಾಡುವ ಕೆಲಸ ನನ್ನ ತಲೆಗೆ ಬಿತ್ತು. ಮೊದಲ ಷರತ್ತಿಗೇ ಎದೆ ಧಸಕ್ಕೆಂದಿತು: ಅಕ್ಕಿ ತೊಳೆಯಬಾರದು! ತೊಳೆದರೆ ಗಂಜಿಯ ಅಂಶ ಹೋಗಿ, ಅನ್ನ ಮೆತ್ತಗೆ ಹೊಂದಿಕೊಳ್ಳುವುದಿಲ್ಲ. ವಿಡಿಯೋ ಕಾಲ್‌ನಲ್ಲಿದ್ದ ಅಮ್ಮ, "ಅಯ್ಯೋ, ಎರಡು ನೀರಲ್ಲಾದ್ರೂ ತೊಳಿಯೋ, ಮಕ್ಕಳು ತಿನ್ನೋದು!" ಎಂದರು. ನಾನು ಮೆಲ್ಲಗೆ ಫೋನನ್ನು ಕಿಟಕಿಯತ್ತ ತಿರುಗಿಸಿಟ್ಟೆ.

ಬೆಣ್ಣೆಯಲ್ಲಿ ಈರುಳ್ಳಿ ಬಾಡಿಸಿ, ಅರ್ಬೋರಿಯೊ ಅಕ್ಕಿ ಹುರಿದು, ತರಕಾರಿ ಬೇಯಿಸಿದ ಬಿಸಿ ನೀರನ್ನು ಸೌಟು ಸೌಟಾಗಿ ಹಾಕುತ್ತ ಸುಮಾರು 18 ನಿಮಿಷ ಕೈಯಾಡಿಸಬೇಕು. ದೊಡ್ಡವರದ್ದಕ್ಕೆ ವೈನೂ ಬೀಳುತ್ತದೆ, ಮಕ್ಕಳದ್ದೆಂದು ಬಿಟ್ಟೆ. ಕುಕ್ಕರಿನ ಸೀಟಿ ಎಣಿಸಿ ಬೆಳೆದವನಿಗೆ ಇದು ತಪಸ್ಸು. ಅದೂ ಎಂಥ ತಪಸ್ಸು! ಚಿಕ್ಕವಳು ಕಾಲಿಗೆ ಜೋತುಬಿದ್ದು "ಆಯ್ತಾ, ಆಯ್ತಾ" ಎಂದು ಮಂತ್ರ ಹೇಳುತ್ತಿದ್ದಳು. ಕೊನೆಗೆ ಕೇಸರಿ, ಮತ್ತೆ ಬೆಣ್ಣೆ, ತುರಿದ ಪಾರ್ಮೆಜಾನ್ ಚೀಸ್.

ದೊಡ್ಡವನು ಒಂದು ಚಮಚ ಬಾಯಿಗಿಟ್ಟು, ಪಕ್ಕಾ ಮಿಲಾನಿಗನ ಗತ್ತಿನಲ್ಲಿ, "ಅಪ್ಪಾ, ಅಕ್ಕಿ ನಡುವೆ ಒಂಚೂರು ಗಟ್ಟಿ ಇರಬೇಕು. ಇದು ಅಜ್ಜಿ ಮಾಡೋ ಪೊಂಗಲ್" ಅಂದ.

ಕಿಟಕಿಯ ಕಡೆಯಿಂದ ದನಿ ಬಂತು: "ಹಾಗಾದ್ರೆ ಒಂದಿಷ್ಟು ಮೆಣಸು ಜೀರಿಗೆ ಒಗ್ಗರಣೆ ಹಾಕೋ!"